ಅಕ್ಕನ ರೈಫಲ್‌ನ ನೇಮ

ಹುಳಿ ಬಂದ ದ್ರಾಕ್ಷಿಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಸಂತೆಯಲ್ಲಿ ಗಾಡಿಯವನು “ಗೋಡ ಅದಾವ್ರಿ, ಸಕ್ಕರಿ ಹಂಗ, ತಿಂದ ನೋಡ್ರಿ” ಎಂದು ಕರೆದರೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತೇನೆ. ಆ ವಾಸನೆಯ ಹಿಂದೆ ಸದಲಗಾದ ನಮ್ಮ ಮನೆ ಇದೆ, ಅಕ್ಕ ಇದ್ದಾಳೆ, ಅಪ್ಪನೂ ಇದ್ದಾನೆ. ತುಂಬಿದ ಮನೆಯೊಂದನ್ನು ಕಳೆದುಕೊಂಡವರು ನೀವೂ ಆಗಿದ್ದರೆ ಈ ಸಂಕಟ ನಿಮಗೆ ತಿಳಿದೀತು.

ನಮ್ಮದು ಪೈಲ್ವಾನರ ಮನೆ. ಅಜ್ಜ ಕೊಲ್ಹಾಪುರದ ಕಡೆಯ ಮೈದಾನಗಳಲ್ಲಿ ಕುಸ್ತಿ ಹಿಡಿದವನು, ಅಪ್ಪನೂ ಅದೇ ಮಣ್ಣಿನವನು, ಕಾಕಾ ಕಬಡ್ಡಿ ಆಡುತ್ತಿದ್ದ. ತಾಲೀಮೆಂಬ ಹಿತ್ತಲ ಗರಡಿಯ ಕೆಂಪು ಮಣ್ಣಿಗೆ ಅಪ್ಪ ಅರಿಶಿನ, ಮಜ್ಜಿಗೆ, ಲಿಂಬೆರಸ ಬೆರೆಸಿ ಹದ ಮಾಡುವಾಗ ಇಡೀ ಓಣಿ ಘಮ್ಮೆನ್ನುತ್ತಿತ್ತು. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ. ಒಂದು ಹುಳವೂ ಸಾಯಬಾರದೆಂದು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದೆವು. ಅಂಥ ಮನೆಗೆ ಎಂಬತ್ತರ ದಶಕದ ಕೊನೆಗೆ ಬಂದೂಕು ಬಂತು. ಚಿಕ್ಕೋಡಿಯ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ಅಕ್ಕನ ಗುರಿ ಕಂಡು ಅವಳ ಸರ್ ಏರ್ ರೈಫಲ್ ಹಿಡಿಸಿದ್ದರು. ಆಯಿ, ಅಂದರೆ ನಮ್ಮ ಅಜ್ಜಿ, ಹೊಸ್ತಿಲಲ್ಲೇ ತಡೆದಳು. “ಮದಲ ಬಸದಿಗಿ ಹೋಗಿ ನೇಮಾ ತಗೊ. ಜೀವದ ಮ್ಯಾಲ ಇದನ್ನ ಹಿಡಿಯಂಗಿಲ್ಲ ಅಂತ.” ಅಕ್ಕ ಹೋಗಿ ನೇಮ ತೆಗೆದುಕೊಂಡು ಬಂದಳು. ಅಪ್ಪ ಕೂತೆದ್ದು ಬೈಠಕ್ ಹೊಡೆಯುತ್ತ ನಗುತ್ತಿದ್ದ.

ಆಮೇಲೆ ತಂಬಾಕು ಇಡುತ್ತಿದ್ದ ಖಾಲಿ ಕೋಣೆಯೇ ಅಕ್ಕನ ಅಖಾಡವಾಯಿತು. ಅವಳು ಉಸಿರು ಹಿಡಿದು ನಿಂತರೆ ಬಾಗಿಲಲ್ಲಿ ಕೂತ ನಾನೂ ಉಸಿರು ಹಿಡಿಯುತ್ತಿದ್ದೆ. ಜಿಲ್ಲೆಯಲ್ಲಿ ಗೆದ್ದಳು, ರಾಜ್ಯಮಟ್ಟದಲ್ಲಿ ಬೆಳ್ಳಿ ಪದಕ ತಂದಳು. ಇನ್ನು ಉಳಿದದ್ದು ರಾಷ್ಟ್ರೀಯ ಸ್ಪರ್ಧೆಗೆ ಹೋಗುವ ತಂಡ. ಅವಳಿಗೆ ಹಗಲೂ ರಾತ್ರಿ ಅದೊಂದೇ ಕನಸು. ಆದರೆ ಆ ತಂಡಕ್ಕೆ ಯಾರು ಎನ್ನುವುದು ಶೂಟಿಂಗ್ ಸಂಘದ ಅಧ್ಯಕ್ಷರ ನಾಲಿಗೆಯ ಮೇಲಿತ್ತು.

ಕಾಗವಾಡದ ಕಡೆ ಅವರ ದ್ರಾಕ್ಷಿ ತೋಟ. ಊಟಕ್ಕೆ ಕರೆದಿದ್ದರು. ಅಪ್ಪ ತಲೆಗೆ ಜರಿಯ ಪಟಕಾ ಸುತ್ತಿಕೊಂಡು, ಅಕ್ಕನ ಕೈಯಲ್ಲಿ ರೈಫಲನ್ನೂ ಹಿಡಿಸಿ, ನಮ್ಮಿಬ್ಬರನ್ನು ಕರೆದೊಯ್ದ. ಚಪ್ಪರದ ಕೆಳಗೆ ಉದುರಿದ ಹಣ್ಣು ಕೊಳೆತು ಕಾಲಿಗೆ ಅಂಟುತ್ತಿತ್ತು. ಅಧ್ಯಕ್ಷರು ಹಲ್ಲುಕಡ್ಡಿ ಆಡಿಸುತ್ತ, “ಏನ್ರಿ ಪೈಲ್ವಾನ್ರ, ಮಗಳ ಗುರಿ ಬರೇ ಕಾಗದಕ್ಕಷ್ಟ ಏನು? ಅಲ್ಲಿ ಗಿಳಿ ಕುಂತೈತಿ ನೋಡ್ರಿ” ಎಂದರು.

“ಹೊಡಿಯವಾ” ಎಂದ ಅಪ್ಪ.

“ನೇಮಾ ಐತಿ ಅಪ್ಪಾ.”

“ನೇಮಾ ನಿಂದು. ನಂದೇನೂ ಇಲ್ಲಲ್ಲ!”

ದೇವರ ಮುಂದೆಯೂ ರಂಗೋಲಿ ಕೆಳಗೆ ತೂರುವ ಜಾಣತನ! ಅಕ್ಕನ ಕೈಯಿಂದ ರೈಫಲ್ ಕಿತ್ತುಕೊಂಡು ಹೊಡೆದೇಬಿಟ್ಟ. ಕುಸ್ತಿಯವನಿಗೆ ಗುರಿ ಎಲ್ಲಿಂದ ಬರಬೇಕು? ಗಿಳಿ ಅರೆಜೀವವಾಗಿ ಆ ಕೊಳೆತ ಹಣ್ಣಿನಲ್ಲಿ ಬಿದ್ದು ಒದ್ದಾಡಿತು. ಕೂಡಿದ್ದ ಗಂಡಸರು ಚಪ್ಪಾಳೆ ತಟ್ಟಿದರು. ಅಪ್ಪ ಹಲ್ಲು ಕಿರಿಯುತ್ತ ಮೀಸೆ ತಿರುವಿದ. ಅಕ್ಕ ಗಿಳಿಯನ್ನು ಓಢಣಿಯಲ್ಲಿ ಎತ್ತಿಕೊಂಡು, ನಮ್ಮಲ್ಲಿ ಸಾಯುವವರ ಕಿವಿಯಲ್ಲಿ ಹೇಳುವ ಹಾಗೆ, ಅದರ ಉಸಿರು ನಿಲ್ಲುವವರೆಗೂ ಣಮೋಕಾರ ಮಂತ್ರ ಹೇಳಿದಳು. ಅದಕ್ಕೂ ಅವರು ನಕ್ಕರು. ಥೂ! ಎಂಥ ಜನ, ಎಂಥ ಅಪ್ಪ!

ತಂಡದಲ್ಲಿ ಅಕ್ಕನ ಹೆಸರು ಬಂತು. ಅಪ್ಪ ಓಣಿಗೆಲ್ಲ ಪೇಡೆ ಹಂಚಿ ಅವಳ ಬಾಯಿಗೂ ಒಂದು ಹಿಡಿದ. ಅವಳು ಮುಖ ತಿರುಗಿಸಿದಳು. “ಗಿಳಿ ಹೊಡದಾಂವ ನೀ. ನೀನ ಹೋಗಪಾ.” ಅಷ್ಟೇ. ಯಾರು ಎಷ್ಟು ಹೇಳಿದರೂ ಹೋಗಲಿಲ್ಲ, ರೈಫಲ್ ಮತ್ತೆ ಮುಟ್ಟಲಿಲ್ಲ. ಆಮೇಲೆ ಅಪ್ಪ ತಾಲೀಮಿಗೆ ಇಳಿಯುವುದನ್ನು ಬಿಟ್ಟ, ಮಣ್ಣು ಗಟ್ಟಿಯಾಯಿತು. ಆಯಿ ಹೋದಳು, ಕಾಕಾ ಬೇರೆಯಾದ. ಆ ಮನೆಯ ಜಾಗದಲ್ಲಿ ಈಗ ಯಾರದೋ ಗೊಬ್ಬರದ ಅಂಗಡಿ ಇದೆ.

ಅಪ್ಪ ತೀರಿಕೊಂಡ ದಿನ ಅಕ್ಕ ಅವನ ದಪ್ಪ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. “ಬಾರವಾ, ನೀನೂ ಹಿಡಿ” ಎಂದು ನನ್ನನ್ನೂ ಕರೆದಳು. ನಾನು ಗೋಡೆಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಆ ಕೈ ಮುಟ್ಟಲು ಮಾತ್ರ ನನ್ನಿಂದ ಆಗಲಿಲ್ಲ.