ಟ್ರಂಪೆಟ್ ಮೇಲಕ್ಕೆ ಹತ್ತುವ ಜಾಗ

ನನ್ನ ಹಳೆಯ ಬೀಬಾಪ್ ಜಾಝ್ ರೆಕಾರ್ಡಿನಲ್ಲಿ ಟ್ರಂಪೆಟ್ ಮಂಕಾದಾಗ ಮೊದಲು ಪ್ಲೇಯರಿನ ಮುಳ್ಳನ್ನು ಬೈದೆ. ಮುಳ್ಳು ಬದಲಾಯಿಸಿದರೂ ಅಷ್ಟೇ. ರೆಕಾರ್ಡೇ ಸವೆದಿದೆ ಎಂದುಕೊಂಡೆ. ಚಾಮರಾಜನಗರದ ಕಿವಿ ಡಾಕ್ಟರು, "ಎತ್ತರದ ಸ್ವರಗಳು ಮೊದಲು ಹೋಗ್ತವೆ" ಎಂದಿದ್ದರು. ಇವರಿಗೇನು ಗೊತ್ತು ಜಾಝ್ ಎಂದು ಸಿಟ್ಟಿನಿಂದ ಎದ್ದು ಬಂದಿದ್ದೆ.

ಅದೇ ಆಲ್ಬಮ್ಮನ್ನು ಮೂಲ ಟೇಪಿನಿಂದ ಹೊಸದಾಗಿ ಅಚ್ಚು ಹಾಕಿದ್ದಾರೆಂದು ತಿಳಿದು ತರಿಸಿದೆ. ಗುಂಡ್ಲುಪೇಟೆಯ ಕೊರಿಯರ್ ಆಫೀಸಿನಿಂದ ನಮ್ಮೂರು ಹಂಗಳದವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹಳೆಯದಕ್ಕಿಂತ ದಪ್ಪ, ಕೈಗೆ ಭಾರ. ಇದು ಮೋಸ ಮಾಡುವುದಿಲ್ಲ ಅನ್ನಿಸಿತು.

ಸೌಂಡ್ ಪೂರಾ ಏರಿಸಿ ಕೂತೆ. ಡ್ರಮ್ ಕೇಳಿತು, ಬೇಸ್ ಎದೆಗೆ ಬಡಿಯಿತು. ಟ್ರಂಪೆಟ್ ಮಾತ್ರ ಕಂಬಳಿ ಹೊದ್ದು ಊದಿದ ಹಾಗಿತ್ತು. ಮೊದಲ ಬದಿಯ ಕೊನೆಯಲ್ಲಿ ಅದು ಒಂದೇ ಉಸಿರಿಗೆ ಮೇಲಕ್ಕೆ ಹತ್ತುವ ಜಾಗವೊಂದಿದೆ. ಅಲ್ಲಾದರೂ ಕೇಳಿಸಲೇಬೇಕು ಎಂದು ಸ್ಪೀಕರಿಗೆ ಕಿವಿ ಆನಿಸಿ ಕಾದೆ.

ಅಡುಗೆಮನೆಯಿಂದ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಬಂದಳು. ನನ್ನ ಮುಖದ ಹತ್ತಿರ ಬಾಗಿ ಕೂಗಿದಳು: "ವಸಿ ಕಮ್ಮಿ ಮಾಡ್ಬುಡಿ. ಆ ಪೀಪಿ ಕಿರುಚೋದು ಕೇಳಿ ಕಿವಿ ಹರ್ದೋಯ್ತದೆ."

ನಾನಿನ್ನೂ ಅದು ಹತ್ತಲೆಂದು ಕಾಯುತ್ತಿದ್ದೆ.