ಮಾವ ತೋರಿಸಿದ ಬೆಂಗಳೂರು

ಬೆಂಗಳೂರನ್ನು ನೋಡಲು ಎತ್ತರದ ಜಾಗ ಹುಡುಕುವುದರಲ್ಲಿ ನನ್ನ ಸೋದರಮಾವನಷ್ಟು ಅನುಭವಸ್ಥ ಇನ್ನೊಬ್ಬ ಸಿಗಲಾರ. ಎಲ್ಲರೂ ಊರು ಚೆನ್ನಾಗಿ ಕಾಣುವ ಜಾಗ ಹುಡುಕುತ್ತಾರೆ. ಮಾವನಿಗೆ ಬೇಕಾಗಿದ್ದದ್ದು ಊರು ಸರಿಯಾಗಿ ಕಾಣದ ಜಾಗ.

ಕಾರಣ ನನ್ನ ಮದುವೆ. ಶಿವಗಂಗೆ ಬೆಟ್ಟದ ಬುಡದ ಹಳ್ಳಿ ನಮ್ಮದು. ರಾಗಿ ಹೊಲ, ನಾಲ್ಕು ಹಸು, ಜೊತೆಗೆ ನೆಲಮಂಗಲದಲ್ಲಿ ನನಗೊಂದು ಗುಮಾಸ್ತನ ಕೆಲಸ. ವಯಸ್ಸು ಮೂವತ್ತೆರಡು ದಾಟಿತ್ತು. ಹೆಣ್ಣಿನ ಕಡೆಯವರು ಬರುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು, "ಹೇಳಿ ಕಳಿಸ್ತೀವಿ" ಎಂದು ಹೋಗುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಹಾಗಾಗಿ ಕೊರಟಗೆರೆ ಕಡೆಯ ಸಂಬಂಧ ಬಂದಾಗ ಮಾವ "ಹುಡುಗ ಬೆಂಗ್ಳೂರು" ಎಂದುಬಿಟ್ಟಿದ್ದ. ಪೂರ್ತಿ ಸುಳ್ಳೇನಲ್ಲ, ನಮ್ಮ ಜಿಲ್ಲೆಯ ಹೆಸರಿನಲ್ಲಿ ಬೆಂಗಳೂರಿದೆ. ಗ್ರಾಮಾಂತರ ಎಂಬುದನ್ನು ಮಾತ್ರ ಅವನು ನುಂಗಿಕೊಂಡಿದ್ದ.

ಮನೆ ನೋಡಲು ಬರುವ ದಿನ ಗೊತ್ತಾಯಿತು. "ಹಂಗೇ ಬೆಂಗ್ಳೂರೂ ನೋಡ್ಕೊಂಡು ಹೋಗ್ತೀವಿ" ಎಂದರು ಹುಡುಗಿಯ ತಂದೆ ಫೋನಿನಲ್ಲಿ. ಮಾವ ಒಂದು ವಾರ ಜಾಗ ಹುಡುಕಿದ. ಊರಿನ ನೀರಿನ ಟ್ಯಾಂಕ್ ಹತ್ತಿದರೆ ನಮ್ಮ ತಿಪ್ಪೆಯೇ ಎದ್ದು ಕಾಣುತ್ತಿತ್ತು. ನೆಲಮಂಗಲದ ಕಲ್ಯಾಣ ಮಂಟಪದ ತಾರಸಿಯಿಂದ ಹೆದ್ದಾರಿಯ ಬೋರ್ಡು ಕಾಣುತ್ತಿತ್ತು, ಅದರಲ್ಲಿ ಬೆಂಗಳೂರಿಗೆ ಎಷ್ಟು ಕಿಲೋಮೀಟರ್ ಎಂದು ಬರೆದಿತ್ತು. ಕೊನೆಗೆ ಬೆಟ್ಟವೇ ಸರಿ ಎಂದ.

"ಮೇಲಿಂದ ನೋಡಿದ್ರೆ ಎಲ್ಲಾ ಪಕ್ಕದಲ್ಲೇ ಇದ್ದಂಗೆ ಕಾಣುತ್ತೆ ಕಣೋ. ನೀನು ಬಾಯಿ ಬಿಡಬೇಡ, ಅಷ್ಟೆ."

ಬಂದರು. ಹುಡುಗಿಯೂ ಬಂದಿದ್ದಳು, ಇದು ಮಾವನ ಲೆಕ್ಕದಲ್ಲಿ ಇರಲಿಲ್ಲ. ಕೊಟ್ಟಿಗೆ ನೋಡಿ ತಂದೆಯ ಹುಬ್ಬು ಮೇಲೇರಿತು. "ಬೆಂಗ್ಳೂರು ಇಲ್ಲೇ ಪಕ್ಕದಲ್ಲೇ, ಬನ್ನಿ ತೋರಿಸ್ತೀನಿ" ಎಂದು ಮಾವ ಎಲ್ಲರನ್ನೂ ಬೆಟ್ಟಕ್ಕೆ ಹೊರಡಿಸಿದ. ದಾರಿಯಲ್ಲಿ ಒಳಕಲ್ಲು ತೀರ್ಥವಿದೆ. ಅಲ್ಲಿನ ಬಂಡೆಯ ಕುಳಿಗೆ ಕೈ ಬಿಟ್ಟಾಗ ನೀರು ಸಿಕ್ಕರೆ ಪುಣ್ಯವಂತರು ಎಂದು ನಂಬಿಕೆ. ನನಗೆ ಸಿಗಲಿಲ್ಲ. ಸುಳ್ಳು ಹೇಳಲೆಂದೇ ಬೆಟ್ಟ ಹತ್ತುತ್ತಿದ್ದ ಮಾವನಿಗೆ ಸಿಕ್ಕಿತು. ಅದನ್ನು ತಲೆಗೆ ಚಿಮುಕಿಸಿಕೊಂಡು ಇನ್ನಷ್ಟು ಹುರುಪಿನಿಂದ ಹತ್ತಿದ.

ತುದಿಯಲ್ಲಿ ಗಾಳಿ ಜೋರಾಗಿತ್ತು. ಬೆಂಗಳೂರಿನ ದಿಕ್ಕಿನಲ್ಲಿ ಬರೀ ಮಬ್ಬು. ಮಾವ ಒಂದು ಗಳಿಗೆ ಕಂಗಾಲಾದ. ಆಮೇಲೆ ಸರಕ್ಕನೆ ಉತ್ತರಕ್ಕೆ ತಿರುಗಿದ. ಅಲ್ಲಿ ಸಾಲು ಶೆಡ್ಡುಗಳು, ಹೊಗೆ ಕೊಳವೆ, ಲಾರಿಗಳು.

"ನೋಡಿ ಯಜಮಾನ್ರೇ, ಅದೇ ಬೆಂಗ್ಳೂರು!"

ಹುಡುಗಿಯ ತಂದೆ ಹಣೆಗೆ ಕೈ ಅಡ್ಡ ಹಿಡಿದು ಭಕ್ತಿಯಿಂದ ನೋಡಿದರು. "ಎಷ್ಟು ಹತ್ರ ಐತೆ!"

"ಅಪ್ಪಾ, ಅದು ದಾಬಸ್‌ಪೇಟೆ" ಎಂದಳು ಹುಡುಗಿ. "ಆ ನೀಲಿ ಶೀಟಿಂದು ಕಾಣ್ತೈತಲ್ಲ, ಅದೇ ನಮ್ ಫ್ಯಾಕ್ಟ್ರಿ. ದಿನಾ ಅಲ್ಲಿಗೇ ನಾನು ಕೆಲ್ಸಕ್ಕೆ ಹೋಗೋದು."

ಮಾವನಿಗೆ ಥಟ್ಟನೆ ದೈವಭಕ್ತಿ ಉಕ್ಕಿತು, ತುದಿಯಲ್ಲಿದ್ದ ಕಲ್ಲು ಬಸವಣ್ಣನ ಪ್ರದಕ್ಷಿಣೆಗೆ ಹೊರಟುಹೋದ. ಅವಳ ತಂದೆಯೂ ಅವನ ಹಿಂದೆಯೇ ನಡೆದರು. ಈ ಸಂಬಂಧವೂ ತಪ್ಪಿತು ಎಂದುಕೊಂಡೆ. ಈ ಸಲ ನಿಜವಾಗಿಯೂ ಸಂಕಟವಾಯಿತು, ಯಾಕೆಂದರೆ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ನನಗೆ ಹಿಡಿಸಿಬಿಟ್ಟಿದ್ದಳು. ಬಾಯಿ ಬಿಟ್ಟೆ.

"ಬೆಂಗ್ಳೂರಿಗೆ ಇಲ್ಲಿಂದ ಒಂದೂವರೆ ಗಂಟೆ ಆಗುತ್ತೆ. ಟ್ರಾಫಿಕ್ ಇದ್ರೆ ಕೇಳ್ಲೇಬೇಡಿ."

ಅವಳು ಒಮ್ಮೆ ಫ್ಯಾಕ್ಟರಿಯನ್ನೂ ಒಮ್ಮೆ ನಮ್ಮ ಊರನ್ನೂ ನೋಡಿದಳು.

"ನಿಮ್ಮನೆಯಿಂದ ಅಲ್ಲಿಗೆ?"

"ಗಾಡೀಲಿ ಹದಿನೈದು ನಿಮಿಷ."

"ನಮ್ಮೂರಿಂದ ಬಸ್ಸಲ್ಲಿ ಬಂದು ಹೋಗೋದ್ರಲ್ಲೇ ನನ್ನ ಅರ್ಧ ದಿನ ಹಾಳು. ಹುಡುಗ ಬೆಂಗ್ಳೂರು ಅಂದ ತಕ್ಷಣ ನಾನು ಬೇಡ ಅಂದಿದ್ದೆ. ಅಲ್ಲಿಗೆ ಹೋದ್ರೆ ಈ ಕೆಲ್ಸ ಬಿಡ್ಬೇಕಲ್ಲ? ಅಪ್ಪನೇ ಬಲವಂತ ಮಾಡಿ ಕರ್ಕೊಂಡ್ಬಂದ್ರು."

ಅಷ್ಟರಲ್ಲಿ ಪ್ರದಕ್ಷಿಣೆ ಮುಗಿಸಿ ಅವಳ ತಂದೆಯೊಂದಿಗೆ ಬಂದ ಮಾವ ಮತ್ತೆ ಶುರು ಮಾಡಿದ. "ಆ ಮಬ್ಬು ಸರಿದ್ರೆ ನೋಡಿ, ಬೆಂಗ್ಳೂರು ಇಲ್ಲೇ, ಕೈಗೆ ಸಿಗೋ ಹಂಗೆ..."

"ಇಲ್ಲ ಮಾವ," ನಾನು ಗಟ್ಟಿಯಾಗಿ ಹೇಳಿದೆ. "ತುಂಬಾ ದೂರ."

ಅವಳು ನಕ್ಕಳು. ಅದನ್ನು ನನ್ನ ಹೆಂಡತಿ ಇವತ್ತಿಗೂ ಒಪ್ಪುವುದಿಲ್ಲ, ಗಾಳಿಗೆ ಮುಖ ಹಾಗಾಗಿತ್ತು ಎನ್ನುತ್ತಾಳೆ.