ಗೆರೆ ಮಾಸ್ಟರ್‌ಗೆ ಹಾಕಿದ ಇಂಜೆಕ್ಷನ್

ಆ ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು: ಬಟ್ಟೆಯ ಮೇಲೆ ಗೆರೆ ಎಳೆದವನೇ ಅದನ್ನು ಕತ್ತರಿಸಬೇಕು. ಹೊರಗಿನವರಿಗೆ ಇದು ಬರೀ ಹಟ ಅನ್ನಿಸಬಹುದು. ಆದರೆ ಸೀಮೆಸುಣ್ಣದ ಬಿಲ್ಲೆಯನ್ನು ಎಷ್ಟೇ ಮಸೆದರೂ ಗೆರೆಗೆ ಒಂದಿಷ್ಟು ದಪ್ಪ ಇದ್ದೇ ಇರುತ್ತದೆ. ಕತ್ತರಿ ಆ ಗೆರೆಯ ಒಳಬದಿಗೆ ಹೋಗಬೇಕೋ, ಹೊರಬದಿಗೋ, ನಟ್ಟನಡುವೆಯೋ ಎಂಬುದು ಎಳೆದ ಕೈಗೆ ಮಾತ್ರ ಗೊತ್ತು. ಅರ್ಧ ಕತ್ತರಿಸಿದ ಕೋಟನ್ನು ಇನ್ನೊಬ್ಬನಿಗೆ ಒಪ್ಪಿಸಿದರೆ ಹೆಗಲು ಒಂದು ಕಡೆ ಇಳಿಯುತ್ತದೆ, ಗಿರಾಕಿ ಕನ್ನಡಿಯ ಮುಂದೆ ನಿಂತು ಮುಖ ಗಂಟಿಕ್ಕುತ್ತಾನೆ.

ಈ ಕಟ್ಟಳೆಯನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವನು ಅಲ್ಲಿನ ಕಟಿಂಗ್ ಮಾಸ್ಟರ್. ಅವನು ಎಳೆದ ಗೆರೆಯನ್ನು ಯಾರೂ ಎರಡನೆಯ ಸಲ ಅಳೆದು ನೋಡುತ್ತಿರಲಿಲ್ಲ. ಅದಕ್ಕೇ ಗೆರೆ ಮಾಸ್ಟರ್ ಎಂಬ ಹೆಸರು ಬಿದ್ದಿತ್ತು. ಓದು ಅರ್ಧಕ್ಕೆ ನಿಂತ ಮೇಲೆ ನೆಲಕ್ಕೆ ಬಿದ್ದ ಗುಂಡುಪಿನ್ನುಗಳನ್ನು ಹೆಕ್ಕುವ ಕೆಲಸಕ್ಕೆಂದು ಆ ಅಂಗಡಿ ಸೇರಿದವನು. ಅಲ್ಲಿಂದ ಗುಂಡಿ ಹೊಲಿಯುವುದಕ್ಕೆ, ಅಲ್ಲಿಂದ ಇಸ್ತ್ರಿಗೆ, ಕೊನೆಗೆ ಕತ್ತರಿಸುವ ಟೇಬಲ್ಲಿಗೆ ಬಂದ. ಹಳೆಯ ಸುದ್ದಿಪತ್ರಿಕೆಗಳ ರಾಶಿಯ ಮೇಲೆ ಕೋಟು ಬರೆದು, ಕತ್ತರಿಸಿ, ಒಲೆಗೆ ಹಾಕಿ ಕಲಿತ ವಿದ್ಯೆ ಅದು. ಮಾತು ಕಡಿಮೆ. ಊಟಕ್ಕೆ ಕೂತಾಗಲೂ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಮಕ್ಕಳಿರಲಿಲ್ಲ. ಹೆಂಡತಿ ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಕೂತು ಜನ ತಂದ ಗಂಟುಗಳನ್ನು ತೂಗುವವಳು. ಅವರ ಮನೆಯ ಮೇಲಿನ ಮಹಡಿಯಲ್ಲಿ ನಾನಿದ್ದೆ. ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೆ. ಹಾಗಾಗಿ ನಡೆದದ್ದರಲ್ಲಿ ಕೆಲವನ್ನು ಕಂಡೆ, ಉಳಿದದ್ದನ್ನು ಅವಳ ಬಾಯಿಂದ ಕೇಳಿದೆ.

ಅವನಿಗೆ ರಕ್ತದೊತ್ತಡವಿತ್ತು. ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದ.

ಕತ್ತರಿ ಹಿಡಿಯುವವರ ಕೈಗೆ ಜೋಮು ಹೊಸದಲ್ಲ. ದಪ್ಪ ಉಣ್ಣೆಯ ಬಟ್ಟೆ ಕತ್ತರಿಸುವ ದಿನ ಹೆಬ್ಬೆರಳಿನ ಬುಡದಿಂದ ಮೊಣಕೈಯವರೆಗೆ ಮರಗಟ್ಟುತ್ತದೆ. ಕೈಯನ್ನು ಟೇಬಲ್ಲಿನ ಅಂಚಿಗೆ ಎರಡು ಸಲ ಬಡಿದು, ಚಹಾ ಕುಡಿದು, ಮತ್ತೆ ಕತ್ತರಿ ಎತ್ತಿಕೊಳ್ಳುವುದೇ ಅಲ್ಲಿನ ಚಿಕಿತ್ಸೆ. ಆ ಮಧ್ಯಾಹ್ನವೂ ಮಾಸ್ಟರ್ ಕತ್ತರಿ ಕೆಳಗಿಟ್ಟು ಕೈ ಬಡಿದಾಗ ಯಾರೂ ತಲೆಯೆತ್ತಿ ನೋಡಲಿಲ್ಲ. ಚಹಾ ಬಂತು. ಕುಡಿಯುವಾಗ ತುಟಿಯ ಒಂದು ಮೂಲೆಯಿಂದ ಸೋರಿ ಅಂಗಿಯ ಮೇಲೆ ಬಿತ್ತು.

"ಏನ್ ಮಾಸ್ಟ್ರೇ, ಚಹಾ ಕುಡಿಯೋದೂ ಮರೆತುಹೋಯ್ತಾ? ಇನ್ನು ನಾವೇ ಕುಡಿಸ್ಬೇಕಾ?" ಎಂದು ಗುಂಡಿಯ ತೂತಿಗೆ ಕಾಜಾ ಹಾಕುವವನು ನಕ್ಕ.

ಮಾಸ್ಟರ್ ಕೂಡ ನಕ್ಕ. ನಗು ಅರ್ಧ ಮುಖಕ್ಕೆ ಮಾತ್ರ ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಟೇಬಲ್ಲಿನ ಮೇಲೆ ಅರ್ಧ ಕತ್ತರಿಸಿದ ಕೋಟು ಇತ್ತು. ಗೆರೆ ಅವನದು. ಅಂಗಡಿಯ ಯಜಮಾನರು ಒಮ್ಮೆ, "ಇವತ್ತಿಗೆ ಸಾಕು ಬಿಡಿ ಮಾಸ್ಟ್ರೇ, ಮುಖ ಬಾಡಿದೆ," ಅಂದರಂತೆ. ಅವನು ತಲೆಯಾಡಿಸಿ, ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಕತ್ತರಿಸುತ್ತಲೇ ಹೋದ. ಕತ್ತರಿಯನ್ನು ಇನ್ನೊಬ್ಬರು ಇಸಿದುಕೊಳ್ಳುವ ಪದ್ಧತಿ ಇಲ್ಲದ್ದರಿಂದ ಯಾರೂ ಕೈ ಚಾಚಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಅವನು ಟೇಬಲ್ಲಿನ ಕಾಲಿನ ಪಕ್ಕ ಕುಸಿದಿದ್ದ. ಆಮೇಲೆ ನೋಡಿದರೆ ಕೋಟಿನ ಬೆನ್ನಿನ ತುಂಡಿನಲ್ಲಿ ಕತ್ತರಿ ಗೆರೆ ಬಿಟ್ಟು ನಾಲ್ಕು ಬೆರಳಿನಷ್ಟು ಆಚೆ ಹೋಗಿತ್ತು.

ಆಸ್ಪತ್ರೆ ತಲುಪುವಷ್ಟರಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯ ಹೊತ್ತು ಮೀರಿತ್ತು. ಪಾರ್ಶ್ವವಾಯು ಹೊಡೆದು ಮಿದುಳಿನ ಎಡಭಾಗಕ್ಕೆ ಏಟು ಬಿದ್ದಿತ್ತು. ಬಲಗೈ ಮತ್ತು ಬಲಗಾಲು ಸತ್ತ ಮರದಂತಾಗಿದ್ದವು. ಮಾತು ಹೋಗಿ ಒಂದೇ ಒಂದು ಪದ ಉಳಿದಿತ್ತು.

ಬೆಳಗ್ಗೆ ಯುವ ವೈದ್ಯೆಯೊಬ್ಬಳು ಹಾಸಿಗೆಯ ಪಕ್ಕ ಕೂತು, "ನಿಮ್ಮ ಹೆಸರೇನು?" ಎಂದು ಕೇಳಿದಳು.

"ಮೂವತ್ತೆಂಟು."

"ನಿಮ್ಮ ವಯಸ್ಸಲ್ಲ, ಹೆಸರು."

"ಮೂವತ್ತೆಂಟು," ಎಂದ ಅವನು, ಸಿಟ್ಟಿನಿಂದ.

"ಅದು ಎದೆ ಸುತ್ತಳತೆ," ಎಂದಳು ಹೆಂಡತಿ. "ಆ ಕೋಟಿಂದು ಇರ್ಬೇಕು."

ನೀರು ಬೇಕಾದರೂ ಮೂವತ್ತೆಂಟು, ದೀಪ ಆರಿಸಬೇಕಾದರೂ ಮೂವತ್ತೆಂಟು. ಅವಳು ದನಿಯ ಏರಿಳಿತ ಕೇಳಿ ಅರ್ಥ ಹೇಳುತ್ತಿದ್ದಳು. ಅವಳ ತಮ್ಮ, ಬಸ್ ಓಡಿಸುವವನು, "ಇಷ್ಟು ವರ್ಷ ಭಾವ ಇಷ್ಟೂ ಮಾತಾಡ್ತಿರಲಿಲ್ಲ ಬಿಡು ಅಕ್ಕ," ಅಂದ.

ವೈದ್ಯೆ ಅಕ್ಕ ತಮ್ಮ ಇಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ ವಿಷಯ ಹೇಳಿದಳು.

"ರಕ್ತ ಹೋಗದೆ ಸತ್ತ ಭಾಗ ವಾಪಸ್ ಬರಲ್ಲ. ಆದರೆ ಅದರ ಸುತ್ತ ಇನ್ನೂ ಸಾಯದೆ ಕಂಗೆಟ್ಟು ಕೂತಿರೋ ಭಾಗ ಇದೆ. ಸತ್ತದ್ದನ್ನ ಎತ್ತಿಹಾಕೋಕೆ ಅಂತ ದೇಹ ತನ್ನ ಕಾವಲಿನ ಕಣಗಳನ್ನ ಕಳಿಸುತ್ತೆ. ಅವು ಬಂದು ಉರಿಯೂತ ಎಬ್ಬಿಸ್ತವೆ. ಆ ಗಲಾಟೆಯಲ್ಲಿ ಪಕ್ಕದ್ದಕ್ಕೂ ಏಟು ಬೀಳುತ್ತೆ."

"ಬೆಂಕಿ ಆರಿಸೋಕೆ ಬಂದವರು ಪಕ್ಕದ ಮನೆ ಬಾಗಿಲು ಒಡೆದ ಹಾಗೆ," ಎಂದ ತಮ್ಮ.

"ಹೆಚ್ಚುಕಮ್ಮಿ ಹಾಗೇ. ಆ ಗಲಾಟೆನ ಕಡಿಮೆ ಮಾಡೋ ಒಂದು ಇಂಜೆಕ್ಷನ್ ಇದೆ. ಕೆಲಸ ಮಾಡುತ್ತಾ ಅಂತ ಪರೀಕ್ಷೆ ನಡೀತಿದೆ. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದೆ."

"ನಮ್ಮ ಭಾವ ಇಲಿನಾ ಡಾಕ್ಟ್ರೇ?"

"ಅಲ್ಲ. ಅದಕ್ಕೇ ಪರೀಕ್ಷೆ." ಅವಳು ಮುಂದುವರಿಸಿದಳು. "ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ, ಎಲ್ಲಾ ಮುಗಿಯೋವರೆಗೆ. ಇನ್ನೊಂದು ಮಾತು. ಕಾವಲು ಕಡಿಮೆಯಾದರೆ ಸೋಂಕು ತಗಲಬಹುದು, ಮುಖ್ಯವಾಗಿ ಶ್ವಾಸಕೋಶಕ್ಕೆ."

ವೈದ್ಯೆ ಹೇಳಿದ್ದು ಸರಿಯಾಗಿಯೇ ಇತ್ತು. ಉರಿಯೂತವನ್ನು ಬರೀ ಶತ್ರುವೆಂದು ತಿಳಿಯುವುದು ತಪ್ಪು. ಮೊದಲು ಕೆಡಿಸುವ ಕಣಗಳೇ ಆಮೇಲೆ ಕಸ ಗುಡಿಸಿ ಗಾಯ ಮಾಯಲು ನೆರವಾಗುತ್ತವೆ. ಯಾವಾಗ ತಡೆಯಬೇಕು, ಎಷ್ಟು ತಡೆಯಬೇಕು, ಯಾವಾಗ ಬಿಡಬೇಕು ಎಂಬುದು ಖಚಿತವಾಗಿ ಯಾರಿಗೂ ತಿಳಿದಿಲ್ಲ. ಇಲಿಯ ಮಿದುಳನ್ನು ಉಳಿಸಿದ ಎಷ್ಟೋ ಔಷಧಿಗಳು ಮನುಷ್ಯರಲ್ಲಿ ಸೋತಿವೆ. ಪ್ರಯೋಗದ ಇಲಿ ಸಾಮಾನ್ಯವಾಗಿ ಪ್ರಾಯದ್ದು, ಆರೋಗ್ಯವಾಗಿರುವಂಥದ್ದು. ಅದಕ್ಕೆ ಆಘಾತವಾಗುವುದು ನಾವು ಗೊತ್ತುಮಾಡಿದ ಗಳಿಗೆಯಲ್ಲಿ, ನಾವು ಆರಿಸಿದ ಜಾಗದಲ್ಲಿ. ಮನುಷ್ಯನೋ, ಮಾತ್ರೆ ಮರೆತು, ಮಧ್ಯಾಹ್ನ ಹೊಡೆತ ತಿಂದು, ಕೋಟು ಮುಗಿಸಿ, ಸಂಜೆ ಬರುತ್ತಾನೆ.

ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಕೈ ಬರುತ್ತಾ?"

"ಹೇಳೋಕೆ ಆಗಲ್ಲ."

ಅವಳಿಗೆ ಬೇಕಿದ್ದದ್ದು ಆ ಕೈ. ಕಾಲು ಎಳೆದುಕೊಂಡು ನಡೆದರೂ, ತೊದಲಿದರೂ ಅವನು ಟೇಬಲ್ಲಿನ ಮುಂದೆ ನಿಲ್ಲಬಲ್ಲ. ಕೈ ಇಲ್ಲದಿದ್ದರೆ ಅವನಿಗೆ ನಿಲ್ಲಲು ಬೇರೆ ಜಾಗವಿಲ್ಲ. ಒಳಗೆ ಹೋಗಿ ಅವನ ಮುಖದ ಹತ್ತಿರ ಬಗ್ಗಿ, "ರೀ, ಸೂಜಿ ಹಾಕ್ತಾರಂತೆ. ಔಷಧಿ ಇದ್ರೂ ಇರಬಹುದು, ಇಲ್ದೇನೂ ಇರಬಹುದು. ಹಾಕಿಸಲಾ?" ಎಂದು ಕೇಳಿದಳು.

"ಮೂವತ್ತೆಂಟು."

"ಒಪ್ಪಿದ್ರಾ?" ಎಂದಳು ವೈದ್ಯೆ.

"ಒಪ್ಪಿಗೆನೂ ಅಲ್ಲ, ಬೇಡ ಅನ್ನೋದೂ ಅಲ್ಲ. ಬೇಗ ಮುಗಿಸು ಅಂತ," ಎಂದು ಹೇಳಿ ಅವಳೇ ಸಹಿ ಹಾಕಿದಳು.

ಕೆಲವು ದಿನ ಇಂಜೆಕ್ಷನ್ ನಡೆಯಿತು. ಆ ವಾರ ಮುಗಿಯುವ ಮೊದಲೇ ಅವನಿಗೆ ಜ್ವರ ಬಂತು, ಉಸಿರಿನಲ್ಲಿ ಗೊರಗೊರ ಸದ್ದು ಕೇಳತೊಡಗಿತು. ಶ್ವಾಸಕೋಶಕ್ಕೆ ಸೋಂಕು ಎಂದರು.

"ನಾನು ಬಡ್ಕೊಂಡೆ ತಾನೆ?" ಎಂದ ತಮ್ಮ. "ನೀನು ಇದ್ದ ಕಾವಲುಗಾರನ್ನೂ ಮಲಗಿಸಿಬಿಟ್ಟೆ. ಈಗ ನೋಡು."

ಅವಳ ದಿನ ಹಂಚಿಹೋಗಿತ್ತು. ಬೆಳಗ್ಗೆ ಆಸ್ಪತ್ರೆ, ಹಗಲು ಪಾರ್ಸೆಲ್ ಕಿಟಕಿ, ಸಂಜೆ ಮತ್ತೆ ಆಸ್ಪತ್ರೆ. ಗಂಟು ಇಡು, ತೂಗು, ಅಂಟಿಸು. ಒಂದು ಸಂಜೆ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ನಾನು ಹಾಕಿಸಿದ್ದಕ್ಕೇ ಬಂತಾ ಮೇಡಂ?"

"ಇರಬಹುದು. ಇಲ್ಲದೆಯೂ ಇರಬಹುದು. ನುಂಗೋಕೆ ಆಗದವರಿಗೆ ಯಾವ ಸೂಜಿ ಹಾಕದಿದ್ರೂ ಇದು ಬರುತ್ತೆ."

"ಅಂದ್ರೆ ಗೊತ್ತಿಲ್ಲ."

"ಗೊತ್ತಿಲ್ಲ."

ಅವಳು ಕೆಳಗೆ ಹೋದಳು. ಸಮಾಧಾನಕ್ಕೆ ಸುಳ್ಳು ಹೇಳುವುದು ನನ್ನಿಂದ ಆಗದು. ಅವಳೂ ಅದಕ್ಕಾಗಿ ಬಂದಿರಲಿಲ್ಲ.

ಜ್ವರ ಇಳಿಯಿತು. ಅವನು ಮನೆಗೆ ಬಂದ. ತಿಂಗಳುಗಳು ಕಳೆದಂತೆ ಕಾಲು ನೆಲ ಹಿಡಿಯಿತು. ಪದಗಳು ಒಂದೊಂದಾಗಿ, ಹೊರಗೆ ತಿರುಗಾಡಿ ಮನೆಗೆ ಮರಳಿದ ಬೆಕ್ಕಿನಂತೆ, ತಮಗೆ ತೋಚಿದಾಗ ಬಂದವು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಅಲ್ಲಾಡತೊಡಗಿದವು. ಉಳಿದ ಮೂರು ಮುದುಡಿಕೊಂಡೇ ಇದ್ದವು.

ಈಗ ತಮ್ಮನ ಮಾತು ತಿರುಗಿತು. "ಆ ಇಂಜೆಕ್ಷನ್ ಇಲ್ಲದಿದ್ರೆ ಭಾವ ಇಷ್ಟೊತ್ತಿಗೆ ಗೋಡೆ ಮೇಲಿನ ಫೋಟೋ ಆಗಿರ್ತಿದ್ರು," ಎಂದು ಬಸ್ಸಿನ ಕಂಡಕ್ಟರಿಗೂ ಹೇಳಿದ. ಅಂಗಡಿಯಲ್ಲೂ ಅದೇ ಮಾತು. ಯಜಮಾನರು ಮನೆಗೆ ಬಂದು, "ಔಷಧಿ ತಾನಾಗಿ ಕೆಲಸ ಮಾಡುತ್ತೆ ಮಾಸ್ಟ್ರೇ, ಅವಸರ ಬೇಡ. ನಿಮ್ಮ ಟೇಬಲ್ ಮೇಲೆ ಇನ್ನೊಬ್ಬನ ಕೈ ಇಡಿಸಲ್ಲ," ಎಂದು ಹೇಳಿ ಹೋದರು. ಟೇಬಲ್ಲಿಗೆ ಹಳೆಯ ಹಾಸು ಹೊದಿಸಿದರು. ಕತ್ತರಿಸುವ ಕೆಲಸವನ್ನು ಬೇರೆ ಬೀದಿಯ ಅಂಗಡಿಗೆ ಕಳಿಸಿ ತರಿಸತೊಡಗಿದರು. ತುಂಡುಗಳು ತಡವಾಗಿ ಬರುತ್ತಿದ್ದವು. ಹೊಲಿಯುವವರು ಕೈಕಟ್ಟಿ ಕೂತಿರುತ್ತಿದ್ದರು.

ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವನು ಮಾಸ್ಟರನೇ. ಬೆಳಗ್ಗೆ ಕೈಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಆ ಎರಡು ಬೆರಳುಗಳನ್ನು ಆಡಿಸುತ್ತ, "ಔಷಧಿ... ಒಳಗಿದೆ," ಎನ್ನುತ್ತಿದ್ದ.

ಪರೀಕ್ಷೆ ಮುಗಿಯಿತು. ತಪಾಸಣೆಗೆ ಹೋದ ದಿನ ಅವನನ್ನು ವ್ಯಾಯಾಮದ ಕೋಣೆಯಲ್ಲಿ ಬಿಟ್ಟು ವೈದ್ಯೆ ಹೆಂಡತಿಯನ್ನು ಪಕ್ಕಕ್ಕೆ ಕರೆದಳು.

"ಯಾರಿಗೆ ಏನು ಕೊಟ್ಟದ್ದು ಅಂತ ಈಗ ಹೇಳಬಹುದು. ಗೊತ್ತಾಗಬೇಕಾ ನಿಮಗೆ?"

"ಹೇಳಿ."

"ಅವರಿಗೆ ಬಂದದ್ದು ಉಪ್ಪುನೀರು."

ಅವಳು ಸ್ವಲ್ಪ ಹೊತ್ತು ಗೋಡೆಯ ಮೇಲಿದ್ದ, ಕೈ ತೊಳೆಯುವ ಕ್ರಮ ತೋರಿಸುವ ಚಿತ್ರ ನೋಡಿದಳು. "ಹಾಗಾದ್ರೆ ಆ ಜ್ವರ?"

"ಅದಕ್ಕೆ ಇಂಜೆಕ್ಷನ್ ಕಾರಣ ಅಲ್ಲ."

"ಬೆರಳು ಅಲ್ಲಾಡಿದ್ದು?"

"ಅದಕ್ಕೂ ಅಲ್ಲ. ಮಿದುಳು ತಾನಾಗಿ ಸ್ವಲ್ಪ ಸರಿಮಾಡಿಕೊಳ್ಳುತ್ತೆ." ವೈದ್ಯೆ ದನಿ ತಗ್ಗಿಸಿದಳು. "ಔಷಧಿ ಸಿಕ್ಕವರೂ ಇವರಿಗಿಂತ ಚೆನ್ನಾಗೇನೂ ಇಲ್ಲ. ಒಟ್ಟಾರೆ ನೋಡಿದರೆ ವ್ಯತ್ಯಾಸ ಕಾಣಲಿಲ್ಲ."

"ಉಳಿದ ಬೆರಳು?"

"ಇಷ್ಟು ತಿಂಗಳ ಮೇಲೆ ಕತ್ತರಿ ಹಿಡಿಯೋ ಅಷ್ಟು ಬರೋದು ಕಷ್ಟ."

ಇಷ್ಟು ಕಾಲ ಹೊತ್ತಿದ್ದ ತಪ್ಪು ಒಂದೇ ಮಾತಿನಲ್ಲಿ ಕಳಚಿತ್ತು. ಹಗುರವಾಗಬೇಕಿತ್ತು. ಆಗಲಿಲ್ಲ. ಗಂಟು ಇಳಿಸಿದರೂ ಮುಳ್ಳು ಸೊನ್ನೆಗೆ ಬರದ ಹಳೆಯ ತಕ್ಕಡಿ ಇರುತ್ತದಲ್ಲ, ಹಾಗೆ ಇದ್ದೆ ಎಂದು ಆಮೇಲೆ ನನಗೆ ಹೇಳಿದಳು.

ತಮ್ಮನಿಗೆ ತಿಳಿಸಿದಾಗ ಅವನು ಕೈಮುಗಿದ. "ಭಾವನಿಗೆ ಹೇಳ್ಬೇಡ ಮಾರಾಯ್ತಿ. ಆ ನಂಬಿಕೆ ಮೇಲೇ ಗಾಡಿ ಓಡ್ತಾ ಇದೆ. ಕೀಲಿ ಕಿತ್ತರೆ ನಡುರಸ್ತೆಯಲ್ಲಿ ನಿಂತುಬಿಡುತ್ತೆ."

"ಟೇಬಲ್ ಖಾಲಿ ಬಿದ್ದಿದೆ ಕಣೋ. ಅಲ್ಲಿ ಅಷ್ಟು ಜನ ಕೈಕಟ್ಟಿ ಕೂತಿದ್ದಾರೆ."

"ಅದು ಯಜಮಾನರ ತಲೆನೋವು. ನಿಂಗ್ಯಾಕೆ?"

"ಅವರು ಕಾಯ್ತಾ ಇರೋದು ಉಪ್ಪುನೀರಿಗೆ. ಗೊತ್ತಿರೋದು ನನಗೆ."

ಮರುದಿನ ಬೆಳಗ್ಗೆ ಗಂಡ ಮೇಜಿನ ಮೇಲೆ ಕೈ ಹರಡಿಕೊಂಡಾಗ ಎದುರು ಕೂತು ನೇರವಾಗಿ ಹೇಳಿದಳು. "ನಿಮಗೆ ಹಾಕಿದ್ದು ಔಷಧಿ ಅಲ್ವಂತೆ. ಬರೀ ಉಪ್ಪುನೀರು."

ಬೆರಳುಗಳು ನಿಂತವು. "ಎಲ್ಲಾ... ಸಲನೂ?"

"ಎಲ್ಲಾ ಸಲನೂ."

"ಬೇರೆಯವನಿಗೆ... ಔಷಧಿ?"

"ಹ್ಞೂಂ."

"ಅವನ ಕೈ?"

"ಅವನಿಗೂ ಹೆಚ್ಚೇನೂ ಆಗಿಲ್ವಂತೆ."

"ಪಾಪ," ಎಂದ ಅವನು.

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಕೆಲಸಕ್ಕೆ ಹೊರಡಲು ಎದ್ದಾಗ ಅವನು ತಲೆಯೆತ್ತದೆ, ಪದ ಹುಡುಕುತ್ತ ಹೇಳಿದ: "ಟೇಬಲ್... ಬೇರೆಯವರಿಗೆ... ಕೊಟ್ಟುಬಿಡಿ ಅನ್ನು."

"ಯೋಚನೆ ಮಾಡಿದ್ರಾ?"

"ಎಷ್ಟು... ದಿನ... ಹಾಸು ಹೊದಿಸ್ತಾರೆ?"

ಅವಳು ಅಂಚೆ ಕಚೇರಿಗೆ ಹೋಗುವ ದಾರಿಯಲ್ಲೇ ಅಂಗಡಿಗೆ ನುಗ್ಗಿ ಹೇಳಿದಳು. ಯಜಮಾನರು, "ಇನ್ನೂ ಸ್ವಲ್ಪ ದಿನ ನೋಡೋಣ ತಾಯಿ," ಎಂದರು. ಆದರೆ ಆ ಮಾತಿನಲ್ಲಿ ಜೀವ ಇರಲಿಲ್ಲ.

"ನೋಡಿದ್ದು ಸಾಕು," ಎಂದಳು ಅವಳು.

ಕಾಜಾ ಹಾಕುವವನು ತಲೆ ಬಗ್ಗಿಸಿಕೊಂಡು ದಾರ ಪೋಣಿಸುತ್ತಲೇ ಇದ್ದ. ಆ ವಾರ ಬೇರೆ ಊರಿನಿಂದ ಒಬ್ಬ ಕಟಿಂಗ್ ಮಾಸ್ಟರ್ ಬಂದ.

ಗೆರೆ ಮಾಸ್ಟರ್ ಬೆಳಗಿನ ಬೆರಳಾಟವನ್ನು ಬಿಡಲಿಲ್ಲ. ಇನ್ನು ಯಾಕೆ ಎಂದು ಹೆಂಡತಿಯೂ ಕೇಳಲಿಲ್ಲ. ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳಲು ಅವನಿಗೆ ಆ ಎರಡು ಬೆರಳು ಸಾಕಾಗುತ್ತಿದ್ದವು, ಹೊತ್ತು ಮಾತ್ರ ಹಿಡಿಯುತ್ತಿತ್ತು.